ಬುದ್ಧಿಗೆ ಗಂಡು-ಹೆಣ್ಣೆಂಬ ಭೇದವುಂಟೆ?

1636ರಲ್ಲಿ ಹಾಲೆಂಡಿನ ಉಟ್ರೆಕ್ಟ್ ನಗರದಲ್ಲಿ ಒಂದು ವಿಶ್ವವಿದ್ಯಾಲಯ ಪ್ರಾರಂಭವಾಯಿತು. ಆ ಸಮಾರಂಭಕ್ಕಾಗಿ ಲ್ಯಾಟಿನ್ ಭಾಷೆಯಲ್ಲಿ ಒಂದು ಪದ್ಯವನ್ನು ರಚಿಸಿಕೊಡುವಂತೆ ಕೇಳಿಕೊಂಡದ್ದು ಅನ್ನಾ ಮರಿಯಾ ಫಾನ್ ಸ್ಖುರ್ಮನ್ ಎಂಬ ವಿದುಷಿಯನ್ನು. ಆಕೆ ಅಣ್ಣಂದಿರ ಜೊತೆಯಲ್ಲಿ ಮನೆಯಲ್ಲಿಯೇ ತಂದೆಯಿಂದ ಪಾಠ ಹೇಳಿಸಿಕೊಂಡು ಬೆಳೆದವಳು. ಪದ್ಯವನ್ನು ಬರೆದುಕೊಟ್ಟಳು; ಈ ವಿದ್ಯಾಮಂದಿರದಲ್ಲಿ ಹೆಂಗಸರಿಗೆ ಸ್ಥಾನವಿಲ್ಲವಲ್ಲ ಎಂಬ ಅಳಲನ್ನೂ ಅದರಲ್ಲಿಯೇ ಸೇರಿಸಿದಳು. ಬಳಿಕ ಆಕೆಗೆ ಉಪನ್ಯಾಸಗಳನ್ನು ಕೇಳುವ ಅವಕಾಶವೇನೋ ದೊರೆಯಿತು. ಆದರೆ ತರಗತಿಯ ಹುಡುಗರ ಕಣ್ಣಿಗೆ ಬೀಳದಂತೆ ಮರೆಯಲ್ಲಿ ಕುಳಿತು ಕೇಳಬೇಕಾಗಿತ್ತು. ಉತ್ಸವಕ್ಕೆ ಆಕೆಯ ಪದ್ಯ ಬೇಕು, ತರಗತಿಗೆ ಆಕೆಯ ಮುಖ ಬೇಡ!

ಇದನ್ನು ಕೇವಲ ಗಂಡಸರ ದುರಹಂಕಾರವೆಂದು ತಳ್ಳಿಹಾಕಿದರೆ ವಿಷಯ ಅರ್ಥವಾಗುವುದಿಲ್ಲ. ಆ ಮರೆಯ ಹಿಂದೆ ಸುಮಾರು ಎರಡು ಸಾವಿರ ವರ್ಷಗಳ ಒಂದು ಪ್ರಕೃತಿವಿಜ್ಞಾನವೇ ನಿಂತಿತ್ತು. ಗ್ರೀಸಿನ ಅರಿಸ್ಟಾಟಲನ ಪ್ರಕಾರ ಜಗತ್ತಿನ ಪ್ರತಿಯೊಂದು ವಸ್ತುವಿಗೂ ತನ್ನದೇ ಆದ ಸಹಜ ಸ್ಥಾನವಿದೆ. ಕಲ್ಲು ಕೆಳಕ್ಕೆ ಬೀಳುವುದು ಅದರ ಸ್ವಭಾವ, ಬೆಂಕಿ ಮೇಲಕ್ಕೇರುವುದು ಅದರ ಸ್ವಭಾವ. ಜೀವಿಗಳಲ್ಲಿ ಗಂಡಿನ ದೇಹದಲ್ಲಿ ಉಷ್ಣ ಹೆಚ್ಚು, ಹೆಣ್ಣಿನದರಲ್ಲಿ ಕಡಿಮೆ. ಈ ಕೊರತೆಯಿಂದಾಗಿ ಹೆಣ್ಣು ಪೂರ್ಣತೆಯನ್ನು ಮುಟ್ಟದ ಗಂಡಿನಂತೆ ಎಂದು ಅವನು ಬರೆದಿದ್ದನು. ಯೂರೋಪಿನ ವಿಶ್ವವಿದ್ಯಾಲಯಗಳಲ್ಲಿ ಶತಮಾನಗಳ ಕಾಲ ಇದನ್ನೇ ಬೋಧಿಸಿದರು. ಗಂಡ ಆಳುವುದು, ಹೆಂಡತಿ ವಿಧೇಯಳಾಗಿರುವುದು ಮನುಷ್ಯರು ಮಾಡಿಕೊಂಡ ಏರ್ಪಾಡೆಂದು ಆಗ ಯಾರಿಗೂ ತೋರಲಿಲ್ಲ. ಕಲ್ಲು ಬೀಳುವಷ್ಟೇ ಅದು ಸಹಜವಾಗಿ ಕಾಣುತ್ತಿತ್ತು.

ಆದ್ದರಿಂದ ಆ ವಿಜ್ಞಾನ ಕುಸಿದಾಗ ಅದರ ಮೇಲೆ ಕಟ್ಟಿದ ಮನೆಯೂ ಅಲುಗಲೇಬೇಕಾಯಿತು. 1543ರಲ್ಲಿ ಕೋಪರ್ನಿಕಸ್ ಭೂಮಿಯನ್ನು ವಿಶ್ವದ ನಡುವಿನಿಂದ ಕದಲಿಸಿದನು. 1610ರಲ್ಲಿ ಗೆಲಿಲಿಯೋ ತನ್ನ ದೂರದರ್ಶಕದಲ್ಲಿ ಕಂಡ ಗುರುಗ್ರಹದ ಚಂದ್ರರನ್ನು ಲೋಕಕ್ಕೆ ತಿಳಿಸಿದನು. 1633ರಲ್ಲಿ ರೋಮಿನ ಧರ್ಮನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿತು. ಆ ಸುದ್ದಿಯನ್ನು ಕೇಳಿ, ಹಾಲೆಂಡಿನಲ್ಲಿ ನೆಲೆಸಿದ್ದ ಫ್ರೆಂಚ್ ತತ್ತ್ವಜ್ಞಾನಿ ರೆನೆ ಡೆಕಾರ್ಟ್ ತಾನು ಬರೆದಿಟ್ಟಿದ್ದ ಗ್ರಂಥವೊಂದನ್ನು ಪ್ರಕಟಿಸದೆ ಬಚ್ಚಿಟ್ಟನು.

ನಾಲ್ಕು ವರ್ಷಗಳ ಅನಂತರ, 1637ರಲ್ಲಿ, ಅವನು 'ವಿಧಾನವನ್ನು ಕುರಿತ ಪ್ರಬಂಧ'ವನ್ನು ಹೊರತಂದನು. ನಿಸ್ಸಂದೇಹವಾಗಿ ತಿಳಿಯುವವರೆಗೆ ಯಾವುದನ್ನೂ ನಿಜವೆಂದು ಒಪ್ಪಬಾರದು ಎಂಬುದು ಅದರ ಮೊದಲ ನಿಯಮ. ವಿಚಾರಶಕ್ತಿಯು ಎಲ್ಲ ಮನುಷ್ಯರಲ್ಲಿಯೂ ಸಮನಾಗಿ ಇದೆ ಎಂಬುದು ಅದರ ಆರಂಭದ ಮಾತು. ಗ್ರಂಥವನ್ನು ಅವನು ಪಂಡಿತರ ಲ್ಯಾಟಿನ್ನಿನಲ್ಲಿ ಬರೆಯದೆ ಜನರಾಡುವ ಫ್ರೆಂಚಿನಲ್ಲಿ ಬರೆದನು. ಹೆಂಗಸರಿಗೂ ಸ್ವಲ್ಪವಾದರೂ ತಿಳಿಯಲೆಂಬುದು ತನ್ನ ಉದ್ದೇಶವಾಗಿತ್ತೆಂದು ಮರುವರ್ಷ ಒಂದು ಪತ್ರದಲ್ಲಿ ಹೇಳಿಕೊಂಡನು. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಆಕಾಶ, ಭೂಮಿ, ತನ್ನ ಕಣ್ಣು ಕಿವಿ ಎಲ್ಲವನ್ನೂ ಸಂಶಯಿಸಿದ ಈ ಮಹಾಶಯನು ಸಮಾಜದ ಕಟ್ಟುಪಾಡುಗಳನ್ನು ಮಾತ್ರ ಮುಟ್ಟಲಿಲ್ಲ. ತನ್ನ ದೇಶದ ಕಾನೂನು, ಆಚಾರಗಳಿಗೆ ವಿಧೇಯನಾಗಿರುತ್ತೇನೆಂದು ಅದೇ ಪುಸ್ತಕದಲ್ಲಿ ಬರೆದನು. ಅದು ಅಂಜಿಕೆಯೋ ವಿವೇಕವೋ, ಹೇಳುವುದು ಕಷ್ಟ. ಬಹುಶಃ ಎರಡೂ ಇರಬಹುದು.

ಅವನ ತತ್ತ್ವದ ಆಳವನ್ನು ಮೊದಲು ಅಳೆದವರಲ್ಲಿ ಒಬ್ಬಳು ಹೆಣ್ಣುಮಗಳು. ಬೊಹೀಮಿಯದ ಸಿಂಹಾಸನವನ್ನು ಕಳೆದುಕೊಂಡು ಹಾಲೆಂಡಿನಲ್ಲಿ ಆಶ್ರಯ ಪಡೆದಿದ್ದ ರಾಜಮನೆತನದ ಎಲಿಜಬೆತ್ 1643ರಲ್ಲಿ, ತನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ, ಡೆಕಾರ್ಟನಿಗೆ ಒಂದು ಪತ್ರ ಬರೆದಳು. ಮನಸ್ಸು ಬೇರೆ, ದೇಹ ಬೇರೆ. ದೇಹಕ್ಕೆ ಉದ್ದಗಲವುಂಟು, ಮನಸ್ಸಿಗೆ ಇಲ್ಲ ಎಂಬುದು ಡೆಕಾರ್ಟನ ಸಿದ್ಧಾಂತ. ಹಾಗಾದರೆ ಉದ್ದಗಲವೇ ಇಲ್ಲದ ಮನಸ್ಸು ದೇಹವನ್ನು ಚಲಿಸುವಂತೆ ಮಾಡುವುದು ಹೇಗೆ ಎಂದು ಆಕೆ ಕೇಳಿದಳು. ಇದಕ್ಕೆ ತೃಪ್ತಿಕರವಾದ ಉತ್ತರವನ್ನು ಅವನು ಕೊನೆಯವರೆಗೂ ಕೊಡಲಾರದೆ ಹೋದನೆಂಬುದು ಅನೇಕ ವಿದ್ವಾಂಸರ ಅಭಿಪ್ರಾಯ. ಮನೆತನದ ವ್ಯವಹಾರಗಳು, ಬಂದುಹೋಗುವವರ ಉಪಚಾರ, ಇವುಗಳ ನಡುವೆ ಚಿಂತನೆಗೆ ಬಿಡುವೇ ಸಿಗುವುದಿಲ್ಲವೆಂದು ಆಕೆ ಪತ್ರದಲ್ಲಿ ತಿಳಿಸಿದ್ದಾಳೆ. ಈ ಮಾತನ್ನು ಓದುವ ಗೃಹಿಣಿಯರಿಗೆ ಅದರ ವ್ಯಾಖ್ಯಾನ ಬೇಕಾಗಿಲ್ಲ. 1645ರಲ್ಲಿ ಆಕೆಗೆ ಜ್ವರ ಬಂದಾಗ ದುಃಖವೇ ಅದರ ಮೂಲ, ವಿವೇಕದಿಂದ ಅದನ್ನು ಗೆಲ್ಲಬೇಕು ಎಂದು ಡೆಕಾರ್ಟ್ ಸಲಹೆ ಕೊಟ್ಟನು. ವಿಚಾರಶಕ್ತಿಯನ್ನೇ ಕಸಿದುಕೊಳ್ಳುವ ರೋಗಗಳೂ ಇವೆಯಲ್ಲ ಎಂದು ಆಕೆ ಮರುನುಡಿದಳು. 1644ರಲ್ಲಿ ಅವನು ತನ್ನ 'ತತ್ತ್ವಶಾಸ್ತ್ರದ ಮೂಲಸೂತ್ರಗಳು' ಗ್ರಂಥವನ್ನು ಆಕೆಗೇ ಅರ್ಪಿಸಿದನು. ಆಕೆ ಬರೆದ ಪತ್ರಗಳಾದರೋ ಬೆಳಕು ಕಂಡದ್ದು 1879ರಲ್ಲಿ.

ಡೆಕಾರ್ಟ್ ಮುಚ್ಚಿಟ್ಟ ಬಾಗಿಲನ್ನು ತೆರೆದವನು ಫ್ರಾನ್ಸ್ವಾ ಪೂಲ್ಯಾಂ ದ ಲಾ ಬಾರ್. 1647ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಇವನು ಪಾದ್ರಿಯಾಗಬೇಕೆಂದು ಧರ್ಮಶಾಸ್ತ್ರವನ್ನು ವ್ಯಾಸಂಗ ಮಾಡಿದವನು. ಹಳೆಯ ಪಾಠಗಳಿಂದ ಬೇಸತ್ತಿದ್ದಾಗ ಡೆಕಾರ್ಟನ ವಿಚಾರಗಳು ಅವನ ಕಿವಿಗೆ ಬಿದ್ದವು. 1673ರಲ್ಲಿ, ಇಪ್ಪತ್ತಾರರ ಹರೆಯದಲ್ಲಿ, 'ಸ್ತ್ರೀಪುರುಷರ ಸಮಾನತೆ' ಎಂಬ ಪುಸ್ತಕವನ್ನು ತನ್ನ ಹೆಸರು ಹಾಕದೆ ಪ್ರಕಟಿಸಿದನು.

ಅವನ ವಾದಸರಣಿ ಸರಳವಾದುದು. ಎಲ್ಲ ಪೂರ್ವಗ್ರಹಗಳಲ್ಲಿ ಅತ್ಯಂತ ಹಳೆಯದು, ಅತ್ಯಂತ ವ್ಯಾಪಕವಾದುದು ಯಾವುದು? ಹೆಣ್ಣು ಗಂಡಿಗಿಂತ ಕೀಳೆಂಬುದು. ಪಂಡಿತರೂ ಪಾಮರರೂ ಒಪ್ಪಿರುವ ಈ ನಂಬಿಕೆಯನ್ನೇ ಸಂಶಯದ ಒರೆಗಲ್ಲಿಗೆ ಹಚ್ಚಿ ಸುಳ್ಳೆಂದು ತೋರಿಸಿದರೆ, ಬಹುಜನ ಒಪ್ಪಿದ್ದಾರೆಂಬ ಮಾತ್ರಕ್ಕೆ ಯಾವುದೂ ನಿಜವಾಗುವುದಿಲ್ಲವೆಂಬುದು ಸಿದ್ಧವಾಗುತ್ತದೆ. ಸೂರ್ಯನು ಭೂಮಿಯನ್ನು ಸುತ್ತುತ್ತಾನೆಂದು ಜನ ನಂಬಿದ್ದು ಕಣ್ಣಿಗೆ ಹಾಗೆ ಕಂಡಿತೆಂದು. ಹೆಂಗಸರು ವಿದ್ಯೆಗೆ, ಅಧಿಕಾರಕ್ಕೆ ಯೋಗ್ಯರಲ್ಲವೆಂದು ನಂಬಿದ್ದೂ ಅದೇ ಕಾರಣಕ್ಕೆ. ವಿದ್ಯೆ ಅಧಿಕಾರಗಳಲ್ಲಿರುವ ಹೆಂಗಸರನ್ನು ಅವರು ನೋಡಿರಲಿಲ್ಲ. ಕೊಡದಿರುವುದನ್ನು ಪಡೆಯಲಾರದವಳೆಂದು ಹೆಣ್ಣನ್ನು ಜರೆಯುವುದು ಯಾವ ನ್ಯಾಯ?

ಮನಸ್ಸು ದೇಹಕ್ಕಿಂತ ಬೇರೆ ಎಂಬ ಡೆಕಾರ್ಟನ ಸಿದ್ಧಾಂತ ಇಲ್ಲಿ ಅನಿರೀಕ್ಷಿತವಾದ ಫಲವನ್ನು ಕೊಟ್ಟಿತು. ಗಂಡು ಹೆಣ್ಣೆಂಬ ಭೇದವಿರುವುದು ದೇಹದಲ್ಲಿ, ಅದೂ ಸಂತಾನೋತ್ಪತ್ತಿಗೆ ಸಂಬಂಧಿಸಿದಷ್ಟರ ಮಟ್ಟಿಗೆ. ಬುದ್ಧಿಗೆ ಆ ಭೇದವೇ ಇಲ್ಲ ಎಂದನು ಪೂಲ್ಯಾಂ. ಅಂಗರಚನಾಶಾಸ್ತ್ರಜ್ಞರು ಎಷ್ಟು ಸೂಕ್ಷ್ಮವಾಗಿ ಪರೀಕ್ಷಿಸಿದರೂ ಹೆಣ್ಣಿನ ಮಿದುಳಿನಲ್ಲಿ ಗಂಡಿನದಕ್ಕಿಂತ ಭಿನ್ನವಾದದ್ದೇನೂ ಕಾಣುವುದಿಲ್ಲವೆಂದು ವಾದಿಸಿದನು. ಹೆಂಗಸರು ಪ್ರಾಧ್ಯಾಪಕರಾಗಬಹುದು, ನ್ಯಾಯಾಧೀಶರಾಗಬಹುದು, ಸೈನ್ಯವನ್ನು ನಡೆಸಬಹುದು, ಧರ್ಮಪೀಠದಲ್ಲಿಯೂ ಕುಳಿತುಕೊಳ್ಳಬಹುದು. ನೋಡುವವರಿಗೆ ಮೊದಮೊದಲು ಆಶ್ಚರ್ಯವೆನಿಸಿದರೆ ಅದು ಅಭ್ಯಾಸವಿಲ್ಲದ್ದರಿಂದ ಮಾತ್ರ ಎಂದನು. ಮಕ್ಕಳನ್ನು ಹೆತ್ತು ಸಾಕುವ ಕೆಲಸವನ್ನು ಗಂಡಸರ ಅನೇಕ ಗೌರವದ ಉದ್ಯೋಗಗಳಿಗಿಂತ ಸಮಾಜಕ್ಕೆ ಹೆಚ್ಚು ಉಪಯುಕ್ತವೆಂದೂ ಎತ್ತಿಹಿಡಿದನು. ಹೆಂಗಸರ ವಿಷಯದಲ್ಲಿ ಶಾಸ್ತ್ರಕಾರರ ಮಾತೇ ಪ್ರಮಾಣವೆನ್ನುವವರಿಗೆ ಅವನು ಕೊಟ್ಟ ಉತ್ತರ ಇನ್ನೂ ತೀಕ್ಷ್ಣವಾದುದು: ಅದನ್ನೆಲ್ಲ ಬರೆದವರು ಗಂಡಸರು, ಮೊಕದ್ದಮೆಯಲ್ಲಿ ಕಕ್ಷಿಗಾರರೂ ಅವರೇ, ತೀರ್ಪು ಕೊಟ್ಟವರೂ ಅವರೇ. ಅಂಥ ತೀರ್ಪನ್ನು ಯಾರು ನಂಬಬೇಕು?

ಇದೇ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಮನೆಯ ಪ್ರಶ್ನೆ ಅರಮನೆಯ ಪ್ರಶ್ನೆಯೊಂದಿಗೆ ಹೆಣೆದುಕೊಂಡಿತು. ಮನೆಯನ್ನು ತಂದೆ ಆಳುವಂತೆ ದೇಶವನ್ನು ರಾಜನು ಆಳುತ್ತಾನೆ, ಇದು ಆದಿಪುರುಷ ಆದಮನಿಂದ ಬಂದ ಹಕ್ಕು ಎಂದು ರಾಬರ್ಟ್ ಫಿಲ್ಮರ್ ಪ್ರತಿಪಾದಿಸಿದ್ದನು. ಗೆಲಿಲಿಯೋನ ಚಲನಶಾಸ್ತ್ರಕ್ಕೆ ಮಾರುಹೋಗಿದ್ದ ಥಾಮಸ್ ಹಾಬ್ಸ್ 1651ರಲ್ಲಿ ರಾಜ್ಯವೆಂಬುದು ಮನುಷ್ಯರೇ ಒಪ್ಪಂದದಿಂದ ನಿರ್ಮಿಸಿಕೊಂಡ ಒಂದು ಯಂತ್ರವೆಂದನು; ಯಾವ ಕಾನೂನೂ ಇಲ್ಲದ ಮೂಲಸ್ಥಿತಿಯಲ್ಲಿ ಮಗುವಿನ ಮೇಲಿನ ಅಧಿಕಾರ ತಾಯಿಯದು ಎಂದೂ ಹೇಳಿದನು. ಜಾನ್ ಲಾಕ್ ಫಿಲ್ಮರನನ್ನು ಖಂಡಿಸುತ್ತ, ಧರ್ಮಗ್ರಂಥವು ತಂದೆ ತಾಯಿ ಇಬ್ಬರನ್ನೂ ಗೌರವಿಸೆಂದು ಹೇಳುತ್ತದೆಯೇ ಹೊರತು ತಂದೆಯೊಬ್ಬನನ್ನಲ್ಲ ಎಂದು ನೆನಪಿಸಿದನು. ಆದರೆ ಗಂಡ ಹೆಂಡಿರಲ್ಲಿ ಭಿನ್ನಾಭಿಪ್ರಾಯ ಬಂದರೆ? ಆಗ ಕೊನೆಯ ಮಾತು ಗಂಡನದು, ಅವನು ಹೆಚ್ಚು ಸಮರ್ಥ, ಹೆಚ್ಚು ಬಲಶಾಲಿ ಎಂದುಬಿಟ್ಟನು. ರಾಜನನ್ನು ಪ್ರಶ್ನಿಸಿದ ಲೇಖನಿ ಮನೆಯ ಹೊಸ್ತಿಲಿನಲ್ಲಿ ತಡೆದು ನಿಂತಿತು. ಇದನ್ನು ಕಂಡು ಸುಮ್ಮನಿರದವಳು ಕಲ್ಲಿದ್ದಲಿನ ವ್ಯಾಪಾರದ ಕುಟುಂಬದಲ್ಲಿ ಹುಟ್ಟಿದ ಮೇರಿ ಆಸ್ಟೆಲ್. ಗಂಡಸರೆಲ್ಲ ಸ್ವತಂತ್ರರಾಗಿ ಹುಟ್ಟುವುದಾದರೆ ಹೆಂಗಸರೆಲ್ಲ ದಾಸಿಯರಾಗಿ ಹುಟ್ಟುವುದು ಹೇಗೆ ಎಂದು 1706ರಲ್ಲಿ ಕೇಳಿದಳು. ಹೆಂಗಸರಿಗಾಗಿ ಪ್ರತ್ಯೇಕ ವಿದ್ಯಾಲಯವೊಂದು ಬೇಕೆಂದು ಆಕೆ 1694ರಲ್ಲಿಯೇ ಯೋಜನೆ ಬರೆದಿದ್ದಳು.

ಹೊಸ ವಿಜ್ಞಾನದ ಸಂಸ್ಥೆಗಳು ಈ ವಿಚಾರಗಳನ್ನು ಬರಮಾಡಿಕೊಂಡವೆಂದು ತಿಳಿಯಬಾರದು. 1667ರಲ್ಲಿ ವಿದುಷಿ ಮಾರ್ಗರೆಟ್ ಕ್ಯಾವೆಂಡಿಷ್ ಲಂಡನ್ನಿನ ರಾಯಲ್ ಸೊಸೈಟಿಗೆ ಭೇಟಿಯಿತ್ತು ಪ್ರಯೋಗಗಳನ್ನು ನೋಡಿದಳು. ಆ ಸಂಸ್ಥೆ ಹೆಂಗಸರನ್ನು ಸದಸ್ಯರನ್ನಾಗಿ ಚುನಾಯಿಸಿಕೊಂಡದ್ದು 1945ರಲ್ಲಿ. ಇಟಲಿಯ ಪಾದುವಾದಲ್ಲಿ ಎಲೆನಾ ಕೊರ್ನಾರೊ ಧರ್ಮಶಾಸ್ತ್ರದಲ್ಲಿ ಡಾಕ್ಟರ್ ಪದವಿಗೆ ಮುಂದಾದಾಗ ಬಿಷಪ್ಪನು ತಡೆದನು. 1678ರಲ್ಲಿ ತತ್ತ್ವಶಾಸ್ತ್ರದಲ್ಲಿ ಆಕೆಗೆ ಆ ಪದವಿ ದೊರೆಯಿತಾದರೂ, ಬೇರೆ ಹೆಂಗಸರಿಗೆ ವಿಶ್ವವಿದ್ಯಾಲಯ ಬಾಗಿಲು ಮುಚ್ಚಿತು.

ಪೂಲ್ಯಾಂನಿಗೆ ಎದುರಾದದ್ದು ವಿರೋಧವಲ್ಲ, ಮೌನ. ಯಾರಾದರೂ ತನ್ನನ್ನು ಖಂಡಿಸಿ ಬರೆಯುವರೆಂದು ಕಾದನು. ಯಾರೂ ಬರೆಯದಿರಲು, 1675ರಲ್ಲಿ 'ಪುರುಷರ ಶ್ರೇಷ್ಠತೆ' ಎಂಬ ಪುಸ್ತಕವನ್ನು ತಾನೇ ಬರೆದು, ಎದುರಾಳಿಗಳ ವಾದಗಳನ್ನು ಅವರ ಪರವಾಗಿ ತಾನೇ ಮಂಡಿಸಿ, ಅವುಗಳಿಗೆ ತಾನೇ ಉತ್ತರವನ್ನೂ ಕೊಟ್ಟನು. ಮುಂದೆ ಹಳ್ಳಿಯೊಂದರಲ್ಲಿ ಪಾದ್ರಿಯಾದನು. ಆಮೇಲೆ ಕ್ಯಾಥೊಲಿಕ್ ಮತವನ್ನು ಬಿಟ್ಟು ಜಿನೀವಾಕ್ಕೆ ಹೋಗಿ, ಮದುವೆಯಾಗಿ, ಪಾಠ ಹೇಳುತ್ತ 1723ರಲ್ಲಿ ತೀರಿಕೊಂಡನು. 1949ರಲ್ಲಿ ಸಿಮೋನ್ ದ ಬೊವಾ ಸ್ತ್ರೀಯರ ಸ್ಥಿತಿಗತಿಯನ್ನು ಕುರಿತು 'ದಿ ಸೆಕೆಂಡ್ ಸೆಕ್ಸ್' ಗ್ರಂಥವನ್ನು ಬರೆದಾಗ, ಕಕ್ಷಿಗಾರರೇ ತೀರ್ಪುಗಾರರಾದ ಆ ಮಾತನ್ನು ಆರಂಭದಲ್ಲಿ ಉದ್ಧರಿಸಿದಳು. ಈ ಸಲ ಅದರ ಕೆಳಗೆ ಪೂಲ್ಯಾಂನ ಹೆಸರಿತ್ತು.