ಓದುವ ಕೋಣೆಯ ಕ್ಯಾಮೆರಾ: ನೆಟ್‌ವರ್ಕ್ ಜೋಡಣೆಯಲ್ಲಿ ನೋಡಬೇಕಾದ ಸಂಗತಿಗಳು



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯಿಂದ ವಿದ್ಯಾರ್ಥಿವೇತನಕ್ಕೆ ಅರ್ಜಿ ತರುವ ಪೋಷಕರು ಒಂದು ಪ್ರಶ್ನೆ ತಪ್ಪದೆ ಕೇಳುತ್ತಾರೆ: "ಸಂಜೆ ಹೆಣ್ಣುಮಕ್ಕಳು ಓದುವ ಕೋಣೆಗೆ ಕ್ಯಾಮೆರಾ ಇದೆಯೇ?" ದಾನಿಗಳ ನೆರವಿನಿಂದ ಕ್ಯಾಮೆರಾ ಬಂದಿದೆ. ಅದನ್ನು ಸರಿಯಾಗಿ ಜೋಡಿಸಿ ಕಾಯುವುದು ನಮ್ಮ ಹೊಣೆ.

ಕಳೆದ ಮಳೆಗಾಲದಲ್ಲಿ ಒಂದು ಕೋಣೆಯ ಬಾಗಿಲಲ್ಲಿದ್ದ ವಿದ್ಯಾರ್ಥಿನಿಯ ಸೈಕಲ್ ಕಳೆಯಿತು. ರೆಕಾರ್ಡರ್ ತೆರೆದು ನೋಡಿದರೆ ಎರಡು ವಾರದಿಂದ ದೃಶ್ಯವೇ ದಾಖಲಾಗಿರಲಿಲ್ಲ. ಕ್ಯಾಮೆರಾದ ದೀಪ ಮಾತ್ರ ಉರಿಯುತ್ತಿತ್ತು. ಕರೆಂಟ್ ಹೋಗಿ ಬಂದಾಗ ಕ್ಯಾಮೆರಾದ ವಿಳಾಸ ಬದಲಾಗಿತ್ತು. ರೆಕಾರ್ಡರ್ ಹಳೆಯ ವಿಳಾಸದಲ್ಲೇ ಅದನ್ನು ಹುಡುಕುತ್ತಿತ್ತು.

ಇದನ್ನು ಓಣಿಯ ಉದಾಹರಣೆಯಿಂದ ತಿಳಿಯೋಣ. ಕ್ಯಾಮೆರಾದ ಐಪಿ ವಿಳಾಸ 192.168.1.50 ಎಂದಿರಲಿ. ಮೊದಲ ಮೂರು ಅಂಕಿಗಳು ಓಣಿಯ ಹೆಸರಿದ್ದಂತೆ, ಕೊನೆಯ 50 ಮನೆ ನಂಬರ್. ಇಂಥ ಓಣಿಯಲ್ಲಿ ಸಬ್‌ನೆಟ್ ಮಾಸ್ಕ್ ಸಾಮಾನ್ಯವಾಗಿ 255.255.255.0 ಇರುತ್ತದೆ. ಓಣಿಯಿಂದ ಹೊರಗೆ ಹೋಗುವ ಅಗಸಿಯೇ ಗೇಟ್‌ವೇ, ಅಂದರೆ ನಿಮ್ಮ ರೌಟರ್. ಅದರ ವಿಳಾಸ ಹೆಚ್ಚಾಗಿ 192.168.1.1.

ರೌಟರ್ ತಾನೇ ಮನೆ ನಂಬರ್ ಹಂಚುವ ಪದ್ಧತಿಗೆ ಡಿಎಚ್‌ಸಿಪಿ ಎನ್ನುತ್ತಾರೆ. ಮೊಬೈಲಿಗೆ ಅದು ಅನುಕೂಲ. ಆದರೆ ರೌಟರ್ ನಿಂತು ಮತ್ತೆ ಶುರುವಾದಾಗ ನಂಬರ್ ಬದಲಾಗಬಹುದು. ಆದ್ದರಿಂದ ಕ್ಯಾಮೆರಾಕ್ಕೂ ರೆಕಾರ್ಡರಿಗೂ ಸ್ಥಿರ ವಿಳಾಸ ಕೊಡಬೇಕು. ರೌಟರ್ 100ರಿಂದ 199ರವರೆಗೆ ಹಂಚುತ್ತಿದ್ದರೆ ಕ್ಯಾಮೆರಾಗಳಿಗೆ 50, 51, 52 ಎಂದು ಇಟ್ಟುಕೊಳ್ಳಿ. ಒಂದೇ ನಂಬರನ್ನು ಎರಡಕ್ಕೆ ಕೊಟ್ಟರೆ ಎರಡೂ ಸರಿಯಾಗಿ ನಡೆಯವು. ಕೊಟ್ಟ ನಂಬರುಗಳನ್ನು ದಾಖಲೆ ಪುಸ್ತಕದಲ್ಲಿ ಬರೆದಿಡಿ.

ಇನ್ನು ಪಾಸ್‌ವರ್ಡ್. ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಇಂಥ ಕಾರ್ಖಾನೆ ಪಾಸ್‌ವರ್ಡುಗಳನ್ನೇ ಪ್ರಯತ್ನಿಸಿ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು ವಶಮಾಡಿಕೊಂಡಿತ್ತು. 2025ರ ಫೆಬ್ರುವರಿಯಲ್ಲಿ ಗುಜರಾತಿನ ರಾಜಕೋಟ್‌ನ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾದಿಂದ ಮಹಿಳೆಯರ ದೃಶ್ಯಗಳು ಹೊರಬಿದ್ದು ಇಂಟರ್ನೆಟ್ಟಿನಲ್ಲಿ ಮಾರಾಟವಾದವು. ದುರ್ಬಲ ಪಾಸ್‌ವರ್ಡೇ ದಾರಿಯಾಯಿತೆಂದು ವರದಿಯಾಯಿತು. ಕಾವಲಿಗೆ ಇಟ್ಟ ಕಣ್ಣು ಹೀಗೆ ಪರರ ಕೈಗೆ ಸಿಗುವುದುಂಟು.

ದೂರದಿಂದ ಮೊಬೈಲಿನಲ್ಲಿ ನೋಡಲೆಂದು ಕೆಲವರು ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿಸುತ್ತಾರೆ. ಅದು ಅಗಸಿಯ ಬಾಗಿಲನ್ನು ಹಗಲಿರುಳು ತೆರೆದಿಟ್ಟಂತೆ. ಲೋಕದ ಯಾವ ಮೂಲೆಯಿಂದಾದರೂ ಬಂದು ತಟ್ಟಬಹುದು. ಮಾಡಿಸಬೇಡಿ. ಕೇಳದೆ ಬಾಗಿಲು ತೆರೆಯುವ ಯುಪಿಎನ್‌ಪಿ ಎಂಬ ಆಯ್ಕೆಯನ್ನೂ ರೌಟರ್ ಮತ್ತು ಕ್ಯಾಮೆರಾ ಎರಡರಲ್ಲೂ ಆರಿಸಿ. ದೂರದಿಂದ ನೋಡಲೇಬೇಕಿದ್ದರೆ ತಯಾರಕರ ಆ್ಯಪ್ ಸಾಕು. ಅದಕ್ಕೆ ಬೇರೆ ಗಟ್ಟಿ ಪಾಸ್‌ವರ್ಡ್ ಇರಲಿ, ಎರಡು ಹಂತದ ದೃಢೀಕರಣವಿದ್ದರೆ ಅದನ್ನೂ ಹಾಕಿ.

ಗಡಿಯಾರವನ್ನು ಮರೆಯಬಾರದು. ಸಮಯ ವಲಯವನ್ನು ಭಾರತದ +5:30ಕ್ಕೆ ಹೊಂದಿಸಿ, ಎನ್‌ಟಿಪಿ ಮೂಲಕ ಸಮಯ ತಾನೇ ಸರಿಹೋಗುವಂತೆ ಮಾಡಿ. ತಪ್ಪು ವೇಳೆ ತೋರಿಸುವ ದೃಶ್ಯ ಪೊಲೀಸರ ಮುಂದೆ ಗೊಂದಲಕ್ಕೆ ಕಾರಣ.

ಹೊಸ ಕ್ಯಾಮೆರಾ ಕೊಡಿಸುವ ದಾನಿಗಳಲ್ಲಿ ಒಂದು ಮಾತು. 2025ರ ಏಪ್ರಿಲ್‌ನಿಂದ ಸಿಸಿಟಿವಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರವು ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಬೆಲೆ ಕೇಳುವಾಗ ಅದನ್ನೂ ಕೇಳಿ.

ಪರರ ಮನೆಯೊಳಗೆ ಅನುಮತಿ ಕೇಳದೆ ಕಾಲಿಡಬಾರದೆಂದು ನಮ್ಮ ಹಿರಿಯರು ಕಲಿಸಿದ್ದಾರೆ. ಕಣ್ಣಿಗೂ ಅದೇ ನಿಯಮ. ಕ್ಯಾಮೆರಾ ಬಾಗಿಲು, ಹಾದಿ, ಪುಸ್ತಕದ ಕಪಾಟುಗಳನ್ನು ನೋಡಲಿ. ವಜೂ ಮಾಡುವ ಜಾಗ, ಶೌಚಾಲಯದ ಕಡೆ ತಿರುಗದಿರಲಿ. ದೃಶ್ಯ ನೋಡುವ ಅಧಿಕಾರ ಇಬ್ಬರಿಗಷ್ಟೇ ಇರಲಿ, ಅವರು ಯಾರೆಂಬುದು ಪೋಷಕರಿಗೆ ತಿಳಿದಿರಲಿ. ಜೋಡಿಸಿದ ಕೆಲಸಗಾರ ಹೋದ ಮೇಲೆ ಪಾಸ್‌ವರ್ಡನ್ನು ಇನ್ನೊಮ್ಮೆ ಬದಲಿಸಿ.

ಪ್ರತಿ ಜುಮಾದ ದಿನ ಹಿಂದಿನ ರಾತ್ರಿಯ ಐದು ನಿಮಿಷದ ದೃಶ್ಯ ತೆರೆದು ನೋಡುವ ರೂಢಿ ಮಾಡಿಕೊಳ್ಳಿ. ಐಟಿಐ, ಡಿಪ್ಲೊಮಾ ಓದುವ ನಮ್ಮ ವಿದ್ಯಾರ್ಥಿಗಳು ಈ ಕೆಲಸಕ್ಕೆ ಕೈಜೋಡಿಸಬಹುದು. ನಮ್ಮನ್ನು ನಂಬಿ ಕಳಿಸಿದ ಮಕ್ಕಳು ಅಮಾನತ್. ಅವರ ಚಿತ್ರವೂ ಅಮಾನತ್.