ನಿಮಗಿದು ಗೊತ್ತೆ? ನೀರಿನಡಿಯ ನೆಲಕ್ಕೂ ನಕ್ಷೆ ಬೇಕು
ಕೃಷ್ಣೆ, ತುಂಗಭದ್ರೆಯರ ನಡುವಿನ ರಾಯಚೂರು ಸೀಮೆಯಲ್ಲಿ ನೆರೆ ಎಲ್ಲಿಯವರೆಗೆ ಬಂದೀತು ಎಂದು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಲು ನದಿತಳದ ಎತ್ತರ ಗೊತ್ತಿರಬೇಕು. 2000ರ ಫೆಬ್ರುವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆಯ ರಾಡಾರ್ ಭೂಮಿಯ ಬಹುಭಾಗದ ಎತ್ತರ ಅಳೆಯಿತು. ಅದರ ಅಲೆ ಮಾತ್ರ ನೀರಿನೊಳಗೆ ಇಳಿಯದು. ಹಾಗಾಗಿ ದೋಣಿಯಲ್ಲಿ ದಡದಿಂದ ದಡಕ್ಕೆ ಸಾಗಿ, ಶಬ್ದದ ಪ್ರತಿಧ್ವನಿ ಹಿಡಿದು ಆಳ ಅಳೆಯಬೇಕು.

ಅಳತೆಯ ಎರಡು ಸಾಲುಗಳ ನಡುವೆ ನಕ್ಷೆಯಲ್ಲಿ ಉಳಿಯುವ ಖಾಲಿ ಚೌಕಗಳನ್ನು ಅಂದಾಜಿನಿಂದ ತುಂಬುತ್ತಾರೆ. ನಿಜವಾದ ಕಷ್ಟ ಇರುವುದು ಇಲ್ಲೇ. ಬರೀ ದೂರ ನೋಡಿ ತುಂಬಿದರೆ, ತಿರುವುಗಳಲ್ಲಿ ದಡದ ಎತ್ತರ ನದಿಯೊಳಗೆ ನುಗ್ಗಿ ಇಲ್ಲದ ದಿಬ್ಬ ಮೂಡುತ್ತದೆ. ಹರಿವಿನ ದಿಕ್ಕು ಹಿಡಿದೇ ತುಂಬಬೇಕು. ಮಾನ್ವಿ ತಾಲ್ಲೂಕಿನ ರಾಜೋಳಿಬಂಡಾ ಅಣೆಕಟ್ಟೆಯಂಥ ಕಡೆ ಮೇಲಿನ, ಕೆಳಗಿನ ಅಳತೆಗಳನ್ನು ಬೆರೆಸಿದರೆ ಕಟ್ಟೆಯೇ ಇಳಿಜಾರಾಗಿ ಕರಗಿಬಿಡುತ್ತದೆ! ದೇವದುರ್ಗದ ಹೂವಿನಹೆಡಗಿ ಸೇತುವೆಯ ಮೇಲ್ಮೈಯನ್ನು ನೆಲವೆಂದು ಬಗೆದರೆ ಕೃಷ್ಣೆಗೆ ಸುಳ್ಳು ಒಡ್ಡು ಬೀಳುತ್ತದೆ. ಅದನ್ನು ಕೈಯಾರೆ ತಿದ್ದಬೇಕು. ರಾಯಚೂರು ತಾಲ್ಲೂಕಿನ ಕುರ್ವಕುಲಾ, ಕುರ್ವಕುರ್ದಾ ನಡುಗಡ್ಡೆಗಳಂತೂ ಸರಾಸರಿಯಲ್ಲಿ ಅಳಿಸಿಹೋಗಲೇಬಾರದು, ಅವು ಜನವಸತಿಯ ಊರುಗಳು. ದೊಡ್ಡ ಪ್ರವಾಹ ಬಂದುಹೋದಾಗಲೆಲ್ಲ ಮರಳು ಜಾಗ ಬದಲಿಸುವುದರಿಂದ ಅಳತೆಯನ್ನೂ ಹೊಸದಾಗಿ ಮಾಡಬೇಕಾಗುತ್ತದೆ.