ಬಿಡದ ಹೊಟ್ಟೆ ಉಬ್ಬರ: ಗ್ಯಾಸ್ ಎಂದು ಸುಮ್ಮನಿರಬೇಡಿ

ಬಿಸಿಲೆಯ ಸುತ್ತಿನ ಊರುಗಳಲ್ಲಾಗಲಿ, ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಾಗಲಿ ಹೊಟ್ಟೆ ಉಬ್ಬರಿಸಿದರೆ ಹೆಂಗಸರು ಸಾಮಾನ್ಯವಾಗಿ ಮೊದಲು ಮಾಡುವುದು ಓಮದ ಕಷಾಯ. ಅದಕ್ಕೂ ಬಗ್ಗದಿದ್ದರೆ ಅಂಗಡಿಯಿಂದ ಗ್ಯಾಸ್ ಮಾತ್ರೆ. ಡಾಕ್ಟರ ಬಳಿಗೆ ಹೋಗುವುದು ಕಾಫಿ ಕೊಯ್ಲು ಮುಗಿದ ಮೇಲೆ. ಬಹುಪಾಲು ಉಬ್ಬರ ಇಷ್ಟರಲ್ಲೇ ಗುಣವಾಗುತ್ತದೆ, ನಿಜ. ಆದರೆ ವಾರಗಟ್ಟಲೆ ಬಿಡದೆ ಕಾಡುವ ಉಬ್ಬರದ ಹಿಂದೆ ಕೆಲವೊಮ್ಮೆ ಅಂಡಾಶಯದ ಕ್ಯಾನ್ಸರ್ ಇರಬಹುದು.

2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದ ಹೆಂಗಸರಲ್ಲಿ ಸ್ತನ ಹಾಗೂ ಗರ್ಭಕೊರಳಿನ ಕ್ಯಾನ್ಸರ್‌ಗಳ ನಂತರದ ಸ್ಥಾನ ಇದರದ್ದು. ಆ ವರ್ಷ ಸುಮಾರು 47 ಸಾವಿರ ಮಂದಿಗೆ ಹೊಸದಾಗಿ ಈ ರೋಗ ಬಂದಿತೆಂದು ಲೆಕ್ಕ.

ತಡವೇಕೆ?

ಗರ್ಭಕೋಶದ ಎರಡೂ ಬದಿಗೆ ಒಂದೊಂದು ಅಂಡಾಶಯವಿರುತ್ತದೆ. ಗಾತ್ರ ಬಾದಾಮಿಯಷ್ಟು, ಇರುವುದು ಕಿಬ್ಬೊಟ್ಟೆಯ ಆಳದಲ್ಲಿ. ಅಲ್ಲಿ ಗಡ್ಡೆ ಬೆಳೆದರೆ ಸ್ತನದ ಗಂಟಿನಂತೆ ಕೈಗೆ ಸಿಗುವುದಿಲ್ಲ. ಗಡ್ಡೆ ಕರುಳನ್ನೋ ಮೂತ್ರಚೀಲವನ್ನೋ ಒತ್ತಿದಾಗ, ಇಲ್ಲವೇ ಹೊಟ್ಟೆಯಲ್ಲಿ ನೀರು ಸೇರಿದಾಗ ತೊಂದರೆ ಕಾಣುತ್ತದೆ. ಅದೂ ಅಜೀರ್ಣದಂತೆಯೇ ತೋರುವುದರಿಂದ ಮೋಸ ಹೋಗುವುದು ಸುಲಭ. ರೋಗ ಅಂಡಾಶಯದಲ್ಲಷ್ಟೇ ಇರುವಾಗ ಪತ್ತೆಯಾದರೆ ಗುಣವಾಗುವ ಸಾಧ್ಯತೆ ಬಹಳ ಹೆಚ್ಚು. ಹೊಟ್ಟೆಯೊಳಗೆಲ್ಲ ಹರಡಿದ ಮೇಲೆ ಚಿಕಿತ್ಸೆ ಕಷ್ಟ.

ಈ ನಾಲ್ಕನ್ನು ಗಮನಿಸಿ

1. ಹೊಟ್ಟೆ ಉಬ್ಬರ, ಅಥವಾ ಹೊಟ್ಟೆ ದಪ್ಪಗಾಗುತ್ತಿರುವುದು. ಕೈಕಾಲು ಸಣ್ಣಗಾಗುತ್ತಿದ್ದರೂ ಲಂಗದ ಲಾಡಿ ಬಿಗಿಯಾಗುತ್ತಿದ್ದರೆ ಎಚ್ಚರ.

2. ಬೇಗ ಹೊಟ್ಟೆ ತುಂಬುವುದು. ಎರಡು ಅಕ್ಕಿರೊಟ್ಟಿ ತಿನ್ನುತ್ತಿದ್ದವರಿಗೆ ಅರ್ಧಕ್ಕೇ ಸಾಕೆನಿಸುವುದು.

3. ಕಿಬ್ಬೊಟ್ಟೆಯಲ್ಲಿ ಅಥವಾ ಹೊಟ್ಟೆಯಲ್ಲಿ ನೋವು.

4. ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕೆನಿಸುವುದು, ತಡೆಯಲಾಗದಿರುವುದು.

ಇವು ಎಲ್ಲರಿಗೂ ಆಗಾಗ ಬರುವಂಥವೇ. ಇತ್ತೀಚೆಗೆ, ಅಂದರೆ ಒಂದು ವರ್ಷದೊಳಗೆ ಹೊಸದಾಗಿ ಶುರುವಾಗಿದೆಯೇ? ತಿಂಗಳಲ್ಲಿ 12 ದಿನಕ್ಕಿಂತ ಹೆಚ್ಚು ಕಾಡುತ್ತಿದೆಯೇ? ನೋಡಬೇಕಾದದ್ದು ಇದನ್ನು. ಗೋಡೆಯ ಕ್ಯಾಲೆಂಡರಿನಲ್ಲಿ ತೊಂದರೆಯಾದ ದಿನಗಳಿಗೆ ಗುರುತು ಹಾಕಿಕೊಳ್ಳಿ. ಡಾಕ್ಟರಿಗೆ ಅದನ್ನೇ ತೋರಿಸಿ. ಎರಡು ಮೂರು ವಾರವಾದರೂ ಉಬ್ಬರ ದಿನವೂ ಇದ್ದರೆ ತಿಂಗಳು ತುಂಬುವವರೆಗೆ ಕಾಯಬೇಡಿ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಒಂದೇ ಸಲವಾದರೂ ತಡಮಾಡದೆ ತೋರಿಸಬೇಕು.

ಯಾರಿಗೆ ಹೆಚ್ಚು?

ಐವತ್ತು ದಾಟಿದವರಲ್ಲಿ ಹೆಚ್ಚಾದರೂ ಚಿಕ್ಕ ವಯಸ್ಸಿನವರಿಗೆ ಬರುವುದೇ ಇಲ್ಲವೆಂದಲ್ಲ. ತಾಯಿ, ಅಕ್ಕತಂಗಿಯರು, ಚಿಕ್ಕಮ್ಮ, ಅಜ್ಜಿಯರಲ್ಲಿ ಅಂಡಾಶಯದ ಅಥವಾ ಸ್ತನದ ಕ್ಯಾನ್ಸರ್ ಇದ್ದವರು ಅದನ್ನು ಡಾಕ್ಟರಿಗೆ ತಿಳಿಸಬೇಕು. ಬಿಆರ್‌ಸಿಎ ಎಂಬ ವಂಶವಾಹಿಯ ದೋಷ ತಂದೆಯ ಕಡೆಯಿಂದಲೂ ಬರಬಹುದಾದ್ದರಿಂದ ಸೋದರತ್ತೆಯರನ್ನೂ ಲೆಕ್ಕಕ್ಕೆ ಹಿಡಿಯಿರಿ.

"ಗರ್ಭಕೋಶ ತೆಗೆಸಿಯಾಗಿದೆ, ನನಗೇನು ಭಯ?" ಎನ್ನುವವರಿದ್ದಾರೆ. ಗರ್ಭಕೋಶ ತೆಗೆಯುವಾಗ ಅಂಡಾಶಯಗಳನ್ನು ಹಾಗೆಯೇ ಉಳಿಸಿರಬಹುದು. ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿಯಲ್ಲಿ ಏನು ಬರೆದಿದೆಯೆಂದು ಕೇಳಿ ತಿಳಿಯಿರಿ.

ಯಾವ ಪರೀಕ್ಷೆ?

ಗರ್ಭಕೊರಳಿನ ಪರೀಕ್ಷೆ ಮಾಡಿಸಿ ಸರಿಯಿದೆ ಎಂದರೆ ಅಂಡಾಶಯವೂ ಸರಿಯಿದೆ ಎಂದರ್ಥವಲ್ಲ. ಪ್ಯಾಪ್ ಪರೀಕ್ಷೆ ಈ ರೋಗವನ್ನು ಹುಡುಕುವುದಕ್ಕಾಗಿ ಇರುವುದಲ್ಲ. ಡಾಕ್ಟರು ಒಳಪರೀಕ್ಷೆ ಮಾಡಿ, ಹೊಟ್ಟೆಯ ಸ್ಕ್ಯಾನಿಂಗ್ ಹಾಗೂ ಸಿಎ-125 ಎಂಬ ರಕ್ತಪರೀಕ್ಷೆ ಬರೆಯುತ್ತಾರೆ. ಸಿಎ-125 ಏರಿದ್ದರೆಲ್ಲ ಕ್ಯಾನ್ಸರ್ ಅಲ್ಲ. ಮುಟ್ಟಿನ ದಿನಗಳಲ್ಲಿ, ಗರ್ಭಕೋಶದ ಸಾದಾ ಗಡ್ಡೆಗಳಲ್ಲಿ, ಹೊಟ್ಟೆಯ ಕ್ಷಯದಲ್ಲೂ ಅದು ಏರುತ್ತದೆ. ಸ್ಕ್ಯಾನಿಂಗ್‌ನಲ್ಲಿ ಕಾಣುವ ನೀರುಗುಳ್ಳೆಗಳಲ್ಲೂ ಹೆಚ್ಚಿನವು ನಿರಪಾಯಕಾರಿ.

ಹಾಗಾದರೆ ಎಲ್ಲರೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬಹುದಲ್ಲ? ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದ ಫಲಿತಾಂಶ 2021ರಲ್ಲಿ ಬಂತು. ತೊಂದರೆಯಿಲ್ಲದವರಿಗೆ ಪ್ರತಿವರ್ಷ ಪರೀಕ್ಷೆ ಮಾಡಿದ್ದರಿಂದ ಈ ರೋಗದ ಸಾವು ಕಡಿಮೆಯಾಗಲಿಲ್ಲ. ಆದ್ದರಿಂದಲೇ ಲಕ್ಷಣ ಕಂಡಾಗ ತಡಮಾಡದಿರುವುದು ಮುಖ್ಯ.

ಎಲ್ಲಿಗೆ ಹೋಗಬೇಕು?

ಸಕಲೇಶಪುರದ ಸರ್ಕಾರಿ ಕ್ರಾಫರ್ಡ್ ಆಸ್ಪತ್ರೆಯಲ್ಲಿ ಮೊದಲು ತೋರಿಸಬಹುದು. ಅಲ್ಲಿಂದ ಮುಂದೆ ಸುಮಾರು 40 ಕಿಲೋಮೀಟರ್ ದೂರದ ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಕ್ಯಾನ್ಸರ್ ಎಂದು ಅನುಮಾನ ಬಂದರೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆ ತಜ್ಞರಿಂದಲೇ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು. ಬಿಪಿಎಲ್ ಕಾರ್ಡಿನ ಕುಟುಂಬದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಸೌಲಭ್ಯವನ್ನು ಸರ್ಕಾರಿ ಆಸ್ಪತ್ರೆಯಲ್ಲೇ ವಿಚಾರಿಸಬೇಕು.

ಎಲ್ಲರಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರುವ ಅಮ್ಮ ಎಷ್ಟು ತಿಂದರೆಂದು ನೋಡುವವರು ಕಡಿಮೆ. ಅವರ ಊಟ ಇಳಿದಿದೆಯೇ, ಹೊಟ್ಟೆ ಬಿಗಿಯುತ್ತದೆ ಎನ್ನುತ್ತಿದ್ದಾರೆಯೇ ಎಂದು ಮನೆಯವರೇ ಗಮನಿಸಿ, ಕೊಯ್ಲು ಮುಗಿಯಲೆಂದು ಕಾಯದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ.